ಮನ ಪಾಪ ಎಟ್ಲುಂದಿ

ಚಳ್ಳಕೆರೆ
11 ಜುಲೈ 2024, ಗುರುವಾರ

ಶ್ರೀಮನ್ಮೊಳಕಾಲ್ಮೂರು ಸಂಸ್ಥಾನಾಧೀಶ್ವರಿ, ಚರ್ಚಿನ ಗಾಯಕವೃಂದ ಶಿರೋಮಣಿ, ಶ್ರುತಿ ತಪ್ಪಿದವರ ಪಾಲಿನ ಮೃತ್ಯುದೇವತೆ, ನನ್ನ ಹಸಿರು ಚೂಡಿದಾರವನ್ನು ಎರಡು ವರ್ಷದಿಂದ ಧರಿಸಿ ಪಾವನಗೊಳಿಸುತ್ತಿರುವ ಕುಮಾರಿ ಆಶಾ ಅವರ ಪಾದಾರವಿಂದಗಳಿಗೆ, ನನ್ನಿವಾಳದ ವನಜಾಕ್ಷಿಯು ಹಾಸ್ಟೆಲಿನ ಮಂಚ ಕಿರುಗುಟ್ಟುವಂತೆ ದೀರ್ಘದಂಡ ನಮಸ್ಕಾರ ಮಾಡಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಉತ್ತರ ತಡವಾಯಿತು, ಕ್ಷಮಿಸು. ನೀನು ಫೋನ್ ಆಫ್ ಮಾಡಿ ಕೂತಮೇಲೆ ಅಂಚೆ ಲಕೋಟೆ ಎಲ್ಲಿ ಸಿಗುತ್ತೆ ಅಂತ ವಿಚಾರಿಸೋದಕ್ಕೇ ನನಗೆ ಎರಡು ದಿನ ಹಿಡಿಯಿತು. ನಿನ್ನಕ್ಕ ಹೇಗಿದಾಳೆ? ಅವಳ ಕೂಸು ಈಗ ಹಾಲು ಕುಡೀತೈತಾ? ನಿನ್ನ ಕಾಗದದಲ್ಲಿ ಅದೇನೂ ಇರಲಿಲ್ಲ. ಇದ್ದದ್ದು ಎರಡೇ ಸಾಲು: ‘ನಾನಿನ್ನು ಚಳ್ಳಕೆರೆಗೆ ಬರಲ್ಲ. ಫಾದರ್‌ಗೂ ನಿನಗೂ ಏನು, ನಿಜ ಹೇಳು ಅಂತ ಅವ್ವನೇ ಬಾಗಿಲು ಹಾಕ್ಕೊಂಡು ಕೇಳಿದ್ಲು.’ ಅದನ್ನು ಓದಿ ಮಧ್ಯಾಹ್ನದ ಊಟ ಬಿಟ್ಟೆ. ಅವತ್ತು ಚಿತ್ರಾನ್ನವಿತ್ತು ಎಂಬುದು ತಮ್ಮ ಗಮನದಲ್ಲಿರಲಿ.

ಈಗ ಭಾನುವಾರದ ಸಮಾಚಾರ. ಪೂಜೆ ಮುಗಿದ ಮೇಲೆ ಚರ್ಚಿನ ಕಮಿಟಿಯವರು ಯಾರನ್ನೂ ಏಳಗೊಡಲಿಲ್ಲ. ಚೌರಪ್ಪ ಮೇಷ್ಟ್ರು, ರಿಟೈರಾದ ಮೇಲೆ ಬೆತ್ತ ಬಿಟ್ಟು ನಾಲಿಗೆ ಹಿಡಿದವರು, ಎದ್ದು ಗಂಟಲು ಸರಿಮಾಡಿಕೊಂಡರು. ‘ಫಾದರ್ ಇನ್ನಯ್ಯನವರು ಆಶಾಗೆ ಫೋನ್ ಮಾಡಿ, ಮನ ಪಾಪ ಎಟ್ಲುಂದಿ ಅಂತ ಕೇಳಿದ್ರಂತೆ. ಆ ಹುಡುಗಿ ಎರಡು ತಿಂಗಳಿಂದ ಊರಲ್ಲಿಲ್ಲ. ನಾನೇನೂ ಹೇಳ್ತಿಲ್ಲಪ್ಪ.’

ಏನೂ ಹೇಳದೆ ಎಲ್ಲ ಹೇಳೋ ವಿದ್ಯೆಗೆ ಅವರಿಗೆ ಶಾಲು ಹೊದಿಸಬೇಕು. ತೆಲುಗು ಬಲ್ಲವರಿಗೆ ಅದು ‘ನಮ್ಮ ಮಗು ಹೇಗಿದೆ’ ಅಂತಾಯಿತು. ಕನ್ನಡ ಮಾತ್ರ ಬಲ್ಲವರು ಪಾಪನಿವೇದನೆ ಮಾಡಿ ಅಭ್ಯಾಸವಿದ್ದ ಜನ, ಅವರಿಗೆ ‘ನಮ್ಮ ಪಾಪ ಹೇಗಿದೆ’ ಅಂತಾಯಿತು. ಎರಡೂ ಬಲ್ಲವರಿಗೆ ಹಬ್ಬ.

ನಾನು ಹಿಂದಿನ ಬೆಂಚಿಂದ ಎದ್ದೆ.

‘ನೀನು ನಮ್ಮ ಸಭೆಯವಳಲ್ಲ, ಕೂತ್ಕೋಳಮ್ಮ’ ಅಂದರು ಮೇಷ್ಟ್ರು.

‘ತೆಲುಗು ನಿಮ್ಮ ಸಭೇದಾ ಮೇಷ್ಟ್ರೇ? ನಮ್ಮನೇಲಿ ಬೈಯೋದೂ ತೆಲುಗಲ್ಲೇ, ಮುದ್ದು ಮಾಡೋದೂ ತೆಲುಗಲ್ಲೇ. ಮನ ಅಂದ್ರೆ ಹೇಳಿದೋರದ್ದು, ಕೇಳಿದೋರದ್ದು, ಊರೋರದ್ದು. ಮನ ಬಸ್ಸು ಅಂತೀವಿ. ಬಸ್ಸು ನಮ್ಮಪ್ಪಂದಾ? ನಮ್ಮಜ್ಜಿ ಯರ್ರಮ್ಮ ಪಕ್ಕದ ಮನೆ ಎಮ್ಮೆಗೂ ಮನ ಬರ್ರೆ ಅಂತಾಳೆ. ಹಾಲು ಮಾತ್ರ ಅವರೇ ಕರ್ಕೋತಾರೆ. ಆಶಾ ಮೊಳಕಾಲ್ಮೂರಿಗೆ ಹೋಗಿರೋದು ಅಕ್ಕನ ಬಾಣಂತನಕ್ಕೆ. ಆಶಾನ ಅಕ್ಕಂಗೆ ಹೆಣ್ಣು ಕೂಸು ಹುಟ್ಟೈತೆ, ತೂಕ ಕಮ್ಮಿ ಐತೆ, ಪ್ರಾರ್ಥನೆ ಮಾಡ್ರಿ ಅಂತ ಫಾದರ್ ಇದೇ ಜಾಗದಲ್ಲಿ ನಿಂತು ಹೇಳಿದ್ರು. ಆಮೆನ್ ಅಂದೋರು ನೀವೇ.’

ಹೆಂಗಸರ ಕಡೆಯಿಂದ ಕಿಸಕ್ಕನೆ ನಗು ಬಂತು. ಮೇಷ್ಟ್ರು ನಗಲಿಲ್ಲ. ‘ಅರ್ಥ ಸರಿ ಕಣಮ್ಮ. ಹಂಗಾದ್ರೆ ಫಾದರ್ ಯಾಕೆ ಬಾಯಿ ಬಿಡ್ತಿಲ್ಲ? ಈ ಮಾತು ಹೊರಗೆ ಹಾಕಿದೋರು ಯಾರು ಅಂತ ಅವರೇ ಹೇಳ್ಲಿ. ಕರೆದು ಕೇಳೋಣ.’

ಫಾದರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ‘ಅದನ್ನ ನಾನು ಹೇಳೋದಿಲ್ಲ’ ಅಂದರು. ಅಷ್ಟೇ. ಇಡೀ ಚರ್ಚು ಅದನ್ನೇ ತಪ್ಪೊಪ್ಪಿಗೆ ಅಂದುಕೊಂಡಿತು. ಅವರನ್ನ ಬೇರೆ ಕಡೆ ಹಾಕಿ ಅಂತ ಬಿಷಪ್ಪರಿಗೆ ಅರ್ಜಿ ಬರೀತಿದಾರೆ. ಹಾಡುವವರ ಪಟ್ಟಿಯಿಂದ ನಿನ್ನ ಹೆಸರನ್ನ ಅಲ್ಲೇ ಹೊಡೆದುಹಾಕಿದರು.

ನಾನೇನೂ ಜಗ್ಗಲ್ಲ. ಇನ್ನೊಂದು ಸಲ ಚರ್ಚಲ್ಲಿ ಬಾಯಿ ಹಾಕಿದರೆ ಹಾಸ್ಟೆಲ್ ಬಿಡಬೇಕಾಗುತ್ತೆ ಅಂತ ನಮ್ಮ ವಾರ್ಡನ್ ಸಿಸ್ಟರ್ ನಿರ್ಮಲಾ ಹೇಳಿದಾರೆ. ಬಿಡ್ತೀನಿ. ನನ್ನಿವಾಳದಿಂದ ದಿನಾ ಬಸ್ಸಲ್ಲಿ ನೇತಾಡ್ಕೊಂಡು ಬರ್ತೀನಿ. ಅರ್ಜಿ ಹಿಡ್ಕೊಂಡು ಮನೆಮನೆಗೆ ಹೋಗೋರ ಹಿಂದೆಯೇ ಹೋಗಿ ಮನ ಬರ್ರೆ ಕಥೆ ಹೇಳ್ತೀನಿ. ನೀನು ಮಾತ್ರ ಬಾ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮೊದಲ ಬೆಂಚಲ್ಲಿ ಕೂತು, ಪಟ್ಟಿಯಲ್ಲಿ ಹೆಸರಿಲ್ಲದೇನೇ ಹಾಡು. ಮಾಡದ ತಪ್ಪಿಗೆ ಮನೆಯೊಳಗೆ ಕೂತರೆ, ಕೂತದ್ದೇ ಸಾಕ್ಷಿ ಅಂತಾರೆ ಕಣೇ. ನಿನ್ನವ್ವನಿಗೂ ಕೇಳು: ಹೆತ್ತೋಳೇ ನಂಬದಿದ್ದರೆ ಬಳಗದೋನೂ ಅಲ್ಲದ ಚೌರಪ್ಪ ಹೆಂಗೆ ನಂಬ್ತಾನೆ?

ಕೂಸಿಗೆ ನೂರು ವರ್ಷ ಆಯಸ್ಸು, ನಿನ್ನಕ್ಕನಿಗೆ ರಾತ್ರಿಗೆ ನಾಲ್ಕು ತಾಸು ನಿದ್ದೆ, ನಿನಗೆ ಹೋದ ಧೈರ್ಯ ಬಡ್ಡಿ ಸಮೇತ ಬರಲಿ ಎಂದು ಮುಕ್ಕೋಟಿ ದೇವರನ್ನೂ ನಿಮ್ಮ ಒಬ್ಬ ದೇವರನ್ನೂ ಒಟ್ಟಿಗೆ ಬೇಡಿಕೊಂಡು,

ತಮ್ಮ ವಿಧೇಯಳಲ್ಲದ,
ತೆಲುಗು ವ್ಯಾಕರಣ ಚಕ್ರವರ್ತಿನಿ
ವನಜಾಕ್ಷಿ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೀನಿ. ಫಾದರ್ ನಿನಗೆ ಫೋನ್ ಮಾಡಿದಾಗ ಚರ್ಚಿನ ಆಫೀಸಿನಲ್ಲಿ ಇದ್ದದ್ದು ಇಬ್ಬರೇ. ಒಬ್ಬರು ಅವರು. ಇನ್ನೊಬ್ಬಳು ಹಾಡಿನ ಹಾಳೆ ಜೆರಾಕ್ಸ್ ಮಾಡ್ತಿದ್ದ ನಾನು. ಅವತ್ತು ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಹೆಗಲಿಗೆ ಟವೆಲ್ ಹಾಕ್ಕೊಂಡು, ಅವರ ದನಿಯಲ್ಲೇ ಅದನ್ನ ಆಡಿ ತೋರಿಸಿದೆ. ‘ಇದು ಯಾವ ಪಾಪವೋ ಕರ್ತನೇ ಬಲ್ಲ’ ಅಂತ ಕೊನೆಗೆ ಸೇರಿಸಿದ್ದೂ ನಾನೇ. ಅಡುಗೆ ಗೀತಮ್ಮ ಬಿದ್ದು ಬಿದ್ದು ನಕ್ಕಳು. ಮಾತು ಎಲ್ಲಿಂದ ಹೋಯಿತು ಅಂತ ಫಾದರ್‌ಗೆ ಗೊತ್ತು. ಭಾನುವಾರ ಅಷ್ಟೆಲ್ಲ ಮಾತಾಡಿದೆ ಕಣೇ. ಇದೊಂದು ಬಾಯಿಗೆ ಬರಲಿಲ್ಲ.