ಹಿಂದಿನ ಸಣ್ಣ ಬಾಗಿಲು

12 ಮೇ 2007, ಶನಿವಾರ. ಬೈತಖೋಲ.

ರಜೆಗೆ ಬಂದರೂ ಆ ಬಾಗಿಲು ತಲೆಯಿಂದ ಇಳಿಯುತ್ತಿಲ್ಲ. ಕಾಲಾಳುಗಳನ್ನು ಹೊತ್ತು ಟ್ಯಾಂಕುಗಳ ಜೊತೆ ನುಗ್ಗಬೇಕಾದ ನಮ್ಮ ಕಚೇರಿ ವಿನ್ಯಾಸ ಮಾಡುತ್ತಿರುವ ಯುದ್ಧವಾಹನದ ತೂಕ ಮಿತಿ ಮೀರಿದೆ. ಚಾವಣಿಯ ಉಕ್ಕು ದಪ್ಪವಾಗಬೇಕಾದರೆ, ಹಿಂದಿನ ದೊಡ್ಡ ಬಾಗಿಲಿನೊಳಗೆ ಕೈಯಿಂದ ತೆರೆಯಲೆಂದು ಇಟ್ಟ ಸಣ್ಣ ಬಾಗಿಲನ್ನು ಬಿಟ್ಟುಬಿಡೋಣ ಎಂದವಳು ನಾನೇ. ದೊಡ್ಡದನ್ನು ಯಂತ್ರ ತೆರೆಯುತ್ತದಲ್ಲ!

ಮಧ್ಯಾಹ್ನ ಅಪ್ಪನ ಟ್ರಾಲರಿಗೆ ಊಟ ಒಯ್ದೆ. ಐಸು ಕರಗೀತೆಂದು ಮೀನು ತುಂಬುವ ಕೋಣೆಯ ಮುಚ್ಚಳ ಎಳೆದು ಅದರ ಮೇಲೇ ಕುಳಿತೆ. ಅಡಿಯಿಂದ ದಬದಬ ಬಡಿತ. ಹಾರಿ ಎದ್ದೆ. ಅಪ್ಪ ಮುಚ್ಚಳ ತಳ್ಳಿ ಮೇಲೆ ಬಂದ.

"ಮುಚ್ಚೂಕಿಂತ ಮೊದ್ಲು ಒಳಗೆ ಯಾರಾದ್ರೂ ಇದ್ರಾ ಹೇಳಿ ಕೂಗೂದಲ್ವೇನೆ ಲತಾ? ಮರ್ತೇ ಹೋಯ್ತಾ?"

ಹುಟ್ಟಿದಾಗಿನಿಂದ ಕೇಳಿದ ಕೂಗು. ಇಲ್ಲಿ ಕೂಗದೆ ಯಾರೂ ಮುಚ್ಚುವುದಿಲ್ಲ.

ಬಡಿತ ಇನ್ನೂ ಕಿವಿಯಲ್ಲಿದೆ. ಅದು ಮರದ ಮುಚ್ಚಳ, ಅಪ್ಪನ ತೋಳಿಗೆ ಮಣಿಯಿತು. ಯಂತ್ರ ಕೆಟ್ಟು ನಿಂತರೆ ನನ್ನ ಉಕ್ಕಿನ ಬಾಗಿಲು, ಒಳಗಿನ ಜವಾನರೆಲ್ಲ ಸೇರಿ ತಳ್ಳಿದರೂ ಅಲುಗದು.

ಸೋಮವಾರ ವಾಹನದ ನಕ್ಷೆಗೆ ಸಹಿ ಬೀಳುತ್ತದೆ. ನಾಳೆಯೇ ಕಚೇರಿಯ ಸಾಹೇಬರಿಗೆ ಫೋನು ಮಾಡಿ ಸಣ್ಣ ಬಾಗಿಲು ಇರಲಿ ಅನ್ನಬೇಕು. ಹಾಗಾದರೆ ತೂಕ ಎಲ್ಲಿ ಇಳಿಸುತ್ತೀಯಮ್ಮಾ ಅಂತಾರೆ. ಗೊತ್ತಿಲ್ಲ ಸಾರ್. ಆ ಬಾಗಿಲನ್ನೂ ಮುಚ್ಚುವ ಮೊದಲು ಒಳಗೆ ಯಾರಿದ್ದಾರೆಂದು ನಾನು ಕೂಗಲಿಲ್ಲ, ಅಷ್ಟೇ.