ರಸ್ತೆಯ ಆಚೆ ಬದಿ

ಭಾನುವಾರ, ಮಧ್ಯಾಹ್ನ

ಅಮ್ಮಾ,

ಇಲ್ಲಿಂದಲೇ ನಿನ್ನ ಕೊರಳಿಗೆ ಜೋತುಬಿದ್ದಿದ್ದೇನೆ ಅಂದುಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಮತ್ತೆ ಬರುತ್ತೇನೆ ಅಂದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಅಧ್ಯಯನ ಪ್ರವಾಸ ಮುಂದಕ್ಕೆ ಹೋಯಿತು. ನಾವು ಬರುತ್ತಿಲ್ಲ. ನಿನ್ನ ಊರಿನಲ್ಲಿ ಜ್ವರ ಇಳಿದಿದೆ ಎಂದು ಖಾತ್ರಿಯಾಗುವವರೆಗೆ ಯಾರನ್ನೂ ವಿಮಾನ ಹತ್ತಿಸುವುದಿಲ್ಲ ಎಂದು ಕಾಲೇಜಿನವರು ತೀರ್ಮಾನಿಸಿದ್ದಾರೆ.

ನಾನು ಹೈಸ್ಕೂಲಿನಲ್ಲಿದ್ದಾಗ ಆ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆಂದು ದೇಶ ಬಿಟ್ಟವಳು ನೀನು. ಅಂದಿನಿಂದ ನಿನ್ನನ್ನು ಅಂಗೈಯಗಲದ ಫೋನಿನಲ್ಲಷ್ಟೇ ನೋಡಿದ್ದೇನೆ. ಗಾಜಿನ ಕೆಲಸ ಕಲಿಯುತ್ತಿರುವ ನಮ್ಮನ್ನು ನಿನ್ನ ಊರಿನ ಕಾರ್ಖಾನೆಗೇ ಕರೆದೊಯ್ಯುತ್ತಾರೆಂದು ಗೊತ್ತಾದ ದಿನ ಕುಲುಮೆಯ ಮುಂದೆಯೇ ಕುಣಿದುಬಿಟ್ಟೆ. ಊದುತ್ತಿದ್ದ ಹೂಜಿ ಸೊಟ್ಟಗಾಯಿತು. ಮೇಡಂ ಬೈಯಲೂ ಇಲ್ಲ. ಚಿಕ್ಕಮ್ಮ ಮಾತ್ರ, "ನೀನೀಗ ನಿಮ್ಮಮ್ಮನಿಗಿಂತ ಉದ್ದ ಇದೀಯ. ನಿನ್ನ ಬಿಟ್ಟು ಬೇರೆ ಯಾರನ್ನೋ ತಬ್ಕೊಂಡಾಳು, ಹುಷಾರು!" ಎಂದು ನಗಿಸಿದ್ದಳು.

ಜ್ವರದ ಸುದ್ದಿ ಬಂದಾಗ ತರಗತಿ ಎರಡು ಹೋಳಾಯಿತು. ಹೋಗಲೇಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಮ್ಮ ಗುಬ್ಬಿ. ಅದೇ, ಉಬ್ಬಸದ ಹುಡುಗಿ, ನನ್ನ ಜೀವದ ಗೆಳತಿ. "ನನ್ನೊಬ್ಬಳಿಗೋಸ್ಕರ ನಿಲ್ಸಿದ್ರೆ ಯಾರ ಹತ್ರಾನೂ ಮಾತಾಡಲ್ಲ" ಎಂದಳು, ಅಷ್ಟು ಹೇಳುವಷ್ಟರಲ್ಲೇ ಏದುಸಿರು ಬಿಡುತ್ತ. ಅವಳನ್ನು ಕರೆದೊಯ್ಯಲು ಬಂದ ಅವಳ ಅಪ್ಪ ಬಾಗಿಲ ಬಳಿ ನಿಂತಿದ್ದರು. ಕೈಯಲ್ಲಿದ್ದ ಕರ್ಚೀಫನ್ನು ಹಿಂಡುತ್ತಲೇ ಇದ್ದರು.

ಮೇಡಂ ನನ್ನತ್ತ ತಿರುಗಿ, "ಪೇಪರಿನಲ್ಲಿ ದಿನಕ್ಕೊಂದು ಥರ ಬರ್ತಿದೆ. ನಿಮ್ಮ ತಾಯಿ ಅಲ್ಲೇ ಆಸ್ಪತ್ರೇಲಿದಾರಲ್ಲ, ಕೇಳಿ ಹೇಳಮ್ಮ. ಅವರು ಏನಂತಾರೋ ಹಾಗೇ ಮಾಡೋಣ" ಎಂದರು.

ಆ ಸಂಜೆ ನಾನು ಫೋನ್ ಮಾಡಿದ್ದು ಅದಕ್ಕೇ. ನೀನು ಒಂದೇ ಉಸಿರಿಗೆ, "ಬನ್ನಿ ಬನ್ನಿ, ಜ್ವರ ಎಲ್ಲೋ ಊರಾಚೆ. ನಮ್ ಕಡೆ ಏನೂ ಇಲ್ಲ" ಎಂದೆ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ ನೀನೇ ದನಿ ತಗ್ಗಿಸಿ ಹೇಳಿದೆ: "ಬಂದಾಗ ನನ್ನ ಹತ್ರ ಬರ್ಬೇಡ ಕಂದ. ನಿಮ್ಮ ಹೋಟೆಲ್ ಎದುರು ರಸ್ತೆ ಆಚೆ ಬದೀಲಿ ನಿಂತ್ಕೋತೀನಿ. ನೀನು ಕಿಟಕಿಗೆ ಬಾ. ನೋಡಿದ್ರೆ ಸಾಕು." ಅಷ್ಟರಲ್ಲಿ ಯಾರೋ ನಿನ್ನನ್ನು ಕೂಗಿದರು, ಜ್ವರದ ವಾರ್ಡಿನಿಂದ ಇನ್ನೊಂದು ಗಾಡಿ ಹೊದಿಕೆ ಬಂದಿದೆ ಎಂದು. ನೀನು ಫೋನನ್ನು ಕೈಯಿಂದ ಮುಚ್ಚಿದ್ದು ತಡವಾಯಿತಮ್ಮ.

ನಿನ್ನ ಮೇಲೆ ಕೋಪವಿಲ್ಲ. ಸುಳ್ಳು ಹೇಳಿಯಾದರೂ ನನ್ನನ್ನು ಕರೆಸಿಕೊಳ್ಳಬೇಕು ಎನಿಸುವಷ್ಟು ಒಂಟಿಯಾಗಿದ್ದೀಯಾ ಎಂದು ನೆನೆಯುತ್ತ ರಾತ್ರಿಯೆಲ್ಲ ಎಚ್ಚರವಿದ್ದೆ, ಅಷ್ಟೇ. ಆದರೆ ನೋಡಿದರೆ ಸಾಕು ಎಂದೆಯಲ್ಲ, ನನಗೆ ಸಾಲದು. ನೀನು ಆಚೆ ನಿಂತರೆ ನಾನು ಕಿಟಕಿಯಲ್ಲಿ ನಿಲ್ಲುವ ಪೈಕಿಯೇ? ಚಪ್ಪಲಿಯೂ ಮೆಟ್ಟದೆ ಓಡಿ ಬಂದುಬಿಡುತ್ತಿದ್ದೆ. ಆಮೇಲೆ ಗುಬ್ಬಿಯ ಪಕ್ಕದ ಮಂಚದಲ್ಲೇ ಮಲಗಬೇಕಿತ್ತು.

ಮರುದಿನ ಮೇಡಂ ಪ್ರವಾಸ ಮುಂದೂಡಿದ್ದನ್ನು ಹೇಳಿದಾಗ ತರಗತಿ ಮುಖ ಊದಿಸಿಕೊಂಡಿತು. ಗುಬ್ಬಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಅಪ್ಪ ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ತೆಗೆದ ಮೇಲೆ ನಿನ್ನ ನೆನಪು ಎಷ್ಟು ಬಂತೆಂದರೆ, ಕುಲುಮೆಯ ಹೊಗೆ ಕಣ್ಣಿಗೆ ಹೋಯಿತೆಂದು ನೆಪ ಹೇಳಿ ಹೊರಗೆ ಬಂದೆ.

ಕೈಗವಸು, ಮಾಸ್ಕು ತೆಗೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನನಗೆ ನೀನು ಗಟ್ಟಿಯಾಗಿ ಬೇಕು.

ನಿನ್ನನ್ನು ಮುಟ್ಟಿಯೇ ತೀರುವ ಹಟದಲ್ಲಿರುವ,
ನಿನ್ನ ಉದ್ದನೆಯ ಮಗಳು

ಇನ್ನೊಂದು ಮಾತು: ಮೇಡಂ ನಿನಗೆ ಥ್ಯಾಂಕ್ಸ್ ಹೇಳಲು ಫೋನ್ ಮಾಡಬಹುದು. ತಬ್ಬಿಬ್ಬಾಗಬೇಡ. ಎಲ್ಲರೆದುರು ನಾನು, "ಬರಲೇಬೇಡಿ ಅಂದ್ರು ನಮ್ಮಮ್ಮ" ಎಂದಿದ್ದೇನೆ. ಕೇಳಿದರೆ ಹೌದು ಅನ್ನು.