ಕೆಂಡಕ್ಕಿಟ್ಟ ಚಿಪ್ಪುಗಳು

ಅಪ್ಪಾ,

ನಾನು ಶಾಲೆ ಬಿಟ್ಟದ್ದು ಚಿಪ್ಪು ಸುಡುವ ನಿನ್ನ ಸುಣ್ಣದ ಭಟ್ಟಿಯ ಕೆಲಸಕ್ಕಾಗಿ ಅಲ್ಲ. ನನಗೆ ಪಾಠಕ್ಕೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ನಿನ್ನಿಂದಲೇ ಮಗಳ ಓದು ಹಾಳಾಯಿತೆಂದು ನೀನು ಸಾಯುವತನಕ ಕೊರಗಿದೆ, ನಾನು ನಿಜ ಹೇಳಲಿಲ್ಲ.

ಈಗ ಬಳ್ಳಾರಿಯ ಪ್ರಯೋಗಾಲಯವೊಂದರಲ್ಲಿ ಕಾರವಾರದ ಕಡಲತೀರದಲ್ಲಿ ಸಿಕ್ಕ, ಸಾವಿರಾರು ವರ್ಷ ಹಳೆಯ ಚಿಪ್ಪುಗಳನ್ನು ತೊಳೆಯುತ್ತೇನೆ. ಯಂತ್ರದೊಳಗೆ ಎಲೆಕ್ಟ್ರಾನ್ ಕಿರಣ ಬಿದ್ದರೆ ಅವು ಹೊಳೆಯುತ್ತವೆ. ಆ ಬಣ್ಣ ನೋಡಿ, ಅಂದಿನ ಕಡಲತೀರದ ನೀರು ಹೇಗಿತ್ತೆಂದು ಇಲ್ಲಿನ ವಿಜ್ಞಾನಿ ಶಶಿರೇಖಾ ಮೇಡಂ ತಿಳಿಯುತ್ತಾರೆ.

ಇವತ್ತು ಹಸಿರಾಗಿ ಹೊಳೆಯಬೇಕಿದ್ದ ಐದು ಚಿಪ್ಪು ಕಿತ್ತಳೆ ಬಣ್ಣದಲ್ಲಿ ಹೊಳೆದವು. ಹೊಸದೇನೋ ಸಿಕ್ಕಿತೆಂದು ಮೇಡಂ ಹಿಗ್ಗಿ ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಮಣ್ಣು ಬಿಡಲಿಲ್ಲಂತ ಅವನ್ನ ಕೆಂಡದ ಮ್ಯಾಲ ಇಟ್ಟಿದ್ದೆರಿ. ನಮ್ಮಪ್ಪ ಹಂಗ ಮಾಡ್ತಿದ್ದ."

ಅವರು ಪೆನ್ನು ಕೆಳಗಿಟ್ಟರು. "ಸುಣ್ಣ ಸುಡಾಕ ಬಂದೀಯೇನ್ ಇಲ್ಲಿ? ಕಾಯಿಸಿದ್ರ ಚಿಪ್ಪಿನ ಗುಣಾನ ಬದಲಾಗತೈತಿ, ಹೊಳಿಯೋ ಬಣ್ಣಾನೂ."

ಬರೆದ ಹಾಳೆಯನ್ನು ಹರಿದರು. ಆಮೇಲೆ, "ನೀ ಹೇಳದಿದ್ರ ನಾನು ಇಲ್ಲದ ಸಮುದ್ರ ಬರೀತಿದ್ದೆ. ಕಾರವಾರಕ್ಕ ನೀನೂ ಬಾ, ಬ್ಯಾರೆ ಚಿಪ್ಪು ಆರಿಸೂಣು" ಅಂದರು.

ಸಿರುಗುಪ್ಪದ ಹೊಳೆಯ ಚಿಪ್ಪನ್ನೇ ಜೀವಮಾನವಿಡೀ ಸುಟ್ಟ ನೀನು ಸಮುದ್ರ ನೋಡಿರಲಿಲ್ಲ. ನಾನೂ ನೋಡಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತೇನೆ.